ತೋಟ ನೋಡಿದ ಸೂಲಗಿತ್ತಿ

ಪರಮಪೂಜ್ಯ ನಿರಂಜನಯ್ಯ ಅಜ್ಜನವರು ಕೆಂಗನಾಳದ ಹಳ್ಳದ ದಂಡೆಯಲ್ಲಿ ನೆಲೆಸಿದ್ದ ಕಾಲವದು. ಮಠವೆಂಬುದು ಹೆಸರಿಗಷ್ಟೇ. ಇದ್ದದ್ದು ಒಂದು ಹುಲ್ಲಿನ ಗುಡಿಸಲು, ಪೂಜೆಯ ಹೂವಿಗೆಂದು ಅವರೇ ನೀರು ಹೊತ್ತು ಬೆಳೆಸಿದ ಪುಟ್ಟ ತೋಟ. ವಯಸ್ಸಾಗಿ ಕಣ್ಣಿಗೆ ಪೊರೆ ಬಂದಿತ್ತು. ಬೆರಳಿನಿಂದ ಮುಟ್ಟಿ ನೋಡಿಯೇ ಹೂ ಕೊಯ್ಯುತ್ತಿದ್ದರು.

ಮಾಘ ಮುಗಿಯುತ್ತಿದ್ದ ಒಂದು ಮುಂಜಾನೆ ಫಕೀರವ್ವ ಅಲ್ಲಿಗೆ ಬಂದಳು. ಸುತ್ತಲಿನ ಹಳ್ಳಿಗಳಿಗೆಲ್ಲ ಅವಳೇ ಸೂಲಗಿತ್ತಿ. ದೀಪಾವಳಿಯ ಹೊತ್ತಿಗೆ ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ಕೂಸಿನೊಂದಿಗೆ ತೀರಿಕೊಂಡಿದ್ದಳು. ಹೆರಿಗೆ ಮಾಡಿಸುತ್ತಿದ್ದವಳು ಫಕೀರವ್ವನೇ. ಅಂದಿನಿಂದ ಕರೆಯಲು ಬಂದವರನ್ನೆಲ್ಲ ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದಳು. ಊರ ಹಿರಿಯರು ಬಹಳ ಒತ್ತಾಯಿಸಿದ ಮೇಲೆ ಅಜ್ಜನವರ ಬಳಿ ಬಂದಿದ್ದಳು.

“ಊರ ಮಕ್ಕಳನ್ನೆಲ್ಲ ಹಿಡಿದ ಕೈ ಇವು. ನನ್ನ ಮಗಳನ್ನ ಉಳಿಸಿಕೊಳ್ಳಲಿಲ್ಲ. ಆಗ ನಿಮ್ಮ ಶಿವ ಎಲ್ಲಿದ್ದ, ಹೇಳ್ರಿ” ಎಂದಳು.

ಅಜ್ಜನವರು ತೋಟದತ್ತ ಮುಖ ತಿರುಗಿಸಿದರು. “ನನಗ ಕಣ್ಣು ಮಸಕಾಗ್ಯಾವ, ತಾಯಿ. ದಿನಾ ಬಂದು, ತೋಟದಾಗ ಹೊಸದೇನೈತಿ ನೋಡಿ ಹೇಳ್ತೀಯೇನು?” ಎಂದರು.

ಇದೆಂಥ ಉತ್ತರವೆಂದು ಅವಳಿಗೆ ಸಿಟ್ಟು ಬಂತು. ಆದರೂ ಕಣ್ಣು ಮಸಕಾದ ಹಿರಿಯರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮೊದಮೊದಲು “ಏನೂ ಇಲ್ರಿ” ಎಂದು ಹೊರಟುಬಿಡುತ್ತಿದ್ದಳು. ಒಂದು ದಿನ ಬೋಳು ಅರಳಿಮರದ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಕಂಡು ನಿಂತಳು. ಹಳ್ಳದಾಚೆ ಮುತ್ತುಗ ಕೆಂಪಗೆ ಹೂ ಬಿಟ್ಟಿದ್ದನ್ನು ಮರುದಿನ ಹೇಳಿದಳು. ಚಳಿಯಲ್ಲಿ ಮಾಸಲಾಗಿದ್ದ ಗಂಡು ಸೂರಕ್ಕಿ ಈಗ ಮಿರಿಮಿರಿ ನೀಲಿಯಾಗಿ ಮಕರಂದ ಹೀರುತ್ತ ಹೂವಿನಿಂದ ಹೂವಿಗೆ ಹಾರುತ್ತಿತ್ತು. ಹೆಣ್ಣು ಸೂರಕ್ಕಿ ಜೇಡನ ಬಲೆ ಎಳೆದು ತಂದು ದಾಳಿಂಬೆ ಗಿಡಕ್ಕೆ ಚೀಲದಂಥ ಗೂಡು ನೇತುಹಾಕುತ್ತಿತ್ತು. ಫಕೀರವ್ವನ ವರದಿ ದಿನದಿನಕ್ಕೆ ಉದ್ದವಾಯಿತು. ಅಜ್ಜನವರು ಪುರಾಣ ಕೇಳುವವರಂತೆ ಕೈಮುಗಿದು ಕೇಳುತ್ತಿದ್ದರು.

ಹೀಗಿರಲು ಒಂದು ಮುಂಜಾನೆ ಗೂಡು ಹರಿದು ನೆಲಕ್ಕೆ ಬಿದ್ದಿತ್ತು. ತತ್ತಿಗಳು ಒಡೆದಿದ್ದವು.

“ಇಲ್ಲೂ ಅದ ಆತು ನೋಡ್ರಿ. ನಾ ಇನ್ನ ಬರೂದಿಲ್ಲ” ಎಂದಳು.

“ಇನ್ನೊಂದೀಟು ದಿನ ಬಾ, ತಾಯಿ” ಎಂದರು ಅಜ್ಜನವರು.

ಅವಳು ಬಂದಳು. ಕೆಲ ದಿನ ಗಿಡದಲ್ಲಿ ಸದ್ದಿರಲಿಲ್ಲ. ಆಮೇಲೊಂದು ದಿನ ಆ ಹೆಣ್ಣು ಹಕ್ಕಿ ಮತ್ತೊಂದು ಕೊಂಬೆಗೆ ಬಲೆಯ ಎಳೆ ತರುವುದು ಕಾಣಿಸಿತು. ಅಂದು ಫಕೀರವ್ವ ವರದಿ ಹೇಳಲೆಂದು ಅಜ್ಜನವರ ಎದುರು ಕುಳಿತಳು. ಮಗಳು ಹೋದ ಮೇಲೆ ಮೊದಲ ಸಲ ಅವಳು ಬಾಯಿಬಿಟ್ಟು ಅತ್ತಳು. ಅಜ್ಜನವರು ಪಕ್ಕಕ್ಕೆ ಸರಿದು ಕುಳಿತರು.

ಅವಳಿನ್ನೂ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಒಂದು ಬಂಡಿ ಬಂದು ನಿಂತಿತು. ಚೊಚ್ಚಲ ಬಸುರಿಯೊಬ್ಬಳನ್ನು ಪೇಟೆಯ ದವಾಖಾನೆಗೆ ಒಯ್ಯುತ್ತಿದ್ದರು. ನೋವು ಬಿರುಸಾಗಿ ಮುಂದೆ ಹೋಗುವಂತಿರಲಿಲ್ಲ. ಅವಳ ಗಂಡ ಫಕೀರವ್ವನ ಗುರುತು ಹಿಡಿದು ಕೈಮುಗಿದ.

ಫಕೀರವ್ವ ಹಿಂದೆ ಸರಿದಳು. “ನನ್ನ ಕೈ ಬ್ಯಾಡ. ಕೆಟ್ಟ ಕೈ ಇವು.”

ಅಜ್ಜನವರು ಎದ್ದು ನಿಂತರು. “ಅವು ನಿನ್ನವು ಅಂತ ಯಾರು ಹೇಳಿದ್ರು, ತಾಯಿ? ಶಿವನ ಕೈ ಅವು. ಹೋಗು.”

ಇಷ್ಟು ಹೇಳಿ ಗುಡಿಸಲಿನೊಳಗೆ ಹೋಗಿ, ಪೂಜೆಯ ಲಿಂಗವನ್ನು ಎದೆಗವಚಿಕೊಂಡು ಹೊರಬಂದು, ಗುಡಿಸಲನ್ನು ಬಸುರಿಗೆ ಬಿಟ್ಟುಕೊಟ್ಟರು.

ಕೂಸು ಕಾಲು ಮುಂದಾಗಿ ಬರುತ್ತಿತ್ತು. ಮಗಳಿಗೂ ಹಾಗೆಯೇ ಆಗಿತ್ತು. ಫಕೀರವ್ವ ಒಮ್ಮೆ ಕಣ್ಣು ಮುಚ್ಚಿ ಶಿವನನ್ನು ನೆನೆದಳು. ಆಮೇಲೆ ಕೈ ಮುಂದೆ ಮಾಡಿದಳು. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಕೂಸಿನ ಅಳು ಹಳ್ಳದ ಆಚೆಗೂ ಕೇಳಿಸಿತು. ಬಂಡಿಯವರು ಮಣ್ಣಿಗೆ ಹಣೆ ಹಚ್ಚಿದರು.

ಮೈಯೆಲ್ಲ ಬೆವತ ಫಕೀರವ್ವ ಕೂಸನ್ನು ಎತ್ತಿಕೊಂಡು ಹೊರಬಂದಳು. “ಹೆಣ್ಣು, ಯಪ್ಪಾ. ಅವ್ವ, ಮಗಳು, ಇಬ್ರೂ ಚಲೋ ಅದಾರ” ಎಂದು ನಕ್ಕಳು.

ಸುದ್ದಿ ಸಂಜೆಯೊಳಗೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಹೊತ್ತು ಮುಳುಗುವ ಮೊದಲೇ ನೆರೆಯೂರಿನವನೊಬ್ಬ ಏದುಸಿರು ಬಿಡುತ್ತ ಮಠಕ್ಕೆ ಓಡಿಬಂದ. ಅವನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ಸೂಲಗಿತ್ತಿಯನ್ನು ಕೇಳುವುದು ಹೇಗೆಂದು ಅವನು ತಡವರಿಸುತ್ತಿದ್ದ. ಅವನ ಮಾತು ಮುಗಿಯುವುದರೊಳಗೆ ಫಕೀರವ್ವ ಸೆರಗು ಸಿಕ್ಕಿಸಿಕೊಂಡು, ಅವನಿಗಿಂತ ಮುಂದಾಗಿ, ಅವನ ಊರಿನ ದಾರಿ ಹಿಡಿದಿದ್ದಳು.