ಅವರೆಕಾಯಿ ಸುಲಿಯುವಾಗ ಬಂದ ಮಾತು

ನದಿ ದಂಡೆಯ ಆ ಆಶ್ರಮಕ್ಕೆ ಜನ ಬರುತ್ತಿದ್ದದ್ದು ಪೂಜೆಗಲ್ಲ, ಎದೆಯ ಭಾರ ಇಳಿಸುವುದಕ್ಕೆ. ಗುರು ಚನ್ನವೀರಯ್ಯನವರು ಶಿಷ್ಯರಿಗೆ ಕಲಿಸುತ್ತಿದ್ದದ್ದು ಕೇಳುವ ವಿದ್ಯೆ. ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು ಎಂಬುದು ಅವರ ಮೊದಲ ಪಾಠ.

ಕಲಿಕೆ ಮುಗಿಸುವವರಿಗೆ ಅಲ್ಲೊಂದು ಕಟ್ಟಳೆ. ತಮ್ಮದೇ ಪ್ರಶ್ನೆಗೆ ತಾವೇ ಹುಡುಕಿದ ಉತ್ತರ ತರಬೇಕು. ತಂದವರಿಗಷ್ಟೇ ನೊಂದವರ ಜೊತೆ ಒಬ್ಬರೇ ಕೂರುವ ಅಪ್ಪಣೆ.

ಶಿಷ್ಯೆ ನೀಲಾಂಬೆಗೆ ಆ ಅಪ್ಪಣೆ ಬೇಕೇ ಬೇಕಿತ್ತು.

"ಗುರುಗಳೇ, ಕೆಲವರು ಬಂದ ಕೂಡ್ಲೇ ಮನಸ್ಸು ಬಿಚ್ತಾರೆ, ಕೆಲವರು ತುಟಿ ಪಿಟಕ್ಕನ್ನಲ್ಲ. ಯಾಕೆ?"

"ನಂಗೊತ್ತಿಲ್ಲ."

"ನಿಮಗೇ ಗೊತ್ತಿಲ್ವಾ?"

"ಗೊತ್ತಿದ್ದಿದ್ರೆ ಅದು ನನ್ನ ಉತ್ತರ ಆಗ್ತಿತ್ತು. ಹೋಗು, ನೋಡು."

ಅವಳು ಓಲೆಗರಿಗಳನ್ನೆಲ್ಲ ತಿರುವಿಹಾಕಿ, ಹಿರಿಯರ ಮಾತುಗಳನ್ನು ಗಿಣಿಪಾಠದಂತೆ ಒಪ್ಪಿಸಿದಳು.

"ಇದು ಅವರು ಕಂಡದ್ದು. ನೀನು ಕಂಡದ್ದೇನು?"

ಹುಡುಗಿಗೆ ಅಳುವೇ ಬಂತು. ಮುಖ ಊದಿಸಿಕೊಂಡು ಹೋಗಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಳು. ಆಶ್ರಮಕ್ಕೆ ಬಂದಾಗಿನಿಂದ ಮಾತೇ ಆಡದಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದಳು. ಮೊರ ತುಂಬುವಷ್ಟರಲ್ಲಿ, ತೀರಿಹೋದ ತಂಗಿಯ ಕಥೆಯನ್ನೆಲ್ಲ ಹೇಳಿ ಹಗುರಾಗಿದ್ದಳು.

ನೀಲಾಂಬೆ ಓಡೋಡಿ ಬಂದಳು. "ಸಿಕ್ತು ಗುರುಗಳೇ! ಕೈಗೆ ಕೆಲಸ ಕೊಟ್ರೆ ಮಾತು ಬರುತ್ತೆ!"

"ಒಬ್ಬಳನ್ನ ನೋಡಿ ಊರಿಗೆಲ್ಲ ಅವರೆಕಾಯಿ ಹಂಚ್ತೀಯಾ? ಅದು ಕಾಯಿದೇ ಗುಣ ಅಂತ ಹೇಗೆ ಗೊತ್ತಾಯ್ತು?"

ತಲೆಗೆ ಹುಳ ಬಿಟ್ಟಂತಾಯಿತು. ಕೆಲವರ ಕೈಗೆ ಕಾಯಿ ಕೊಟ್ಟು ಎದುರಿಗೆ ಕೂತಳು. ಕೆಲವರ ಪಕ್ಕದಲ್ಲಿ ಬರಿಗೈಯಲ್ಲಿ ಕೂತು ನದಿ ನೋಡಿದಳು. ಅವರೆಕಾಳಿನ ಸಾರು ಉಂಡೂ ಉಂಡೂ ಆಶ್ರಮದವರಿಗೆ ಸಾಕುಬೇಕಾಯಿತು. ಅವಳಿಗೋ ಹುಡುಕಾಟದ ರುಚಿ ಹತ್ತಿತ್ತು. ಸಗಣಿ ಬಾಚುವಾಗಲೂ ಹಾಡು ಗುನುಗುತ್ತಿದ್ದಳು, ಅಷ್ಟು ಖುಷಿ.

ಅವರೆಯ ಕಾಲ ಮುಗಿಯುವ ಹೊತ್ತಿಗೆ ಉತ್ತರ ಸಿಕ್ಕಿತು. ಆದರೆ ಅದು ಗುರುಗಳ ಮೊದಲ ಪಾಠಕ್ಕೇ ಎದುರಾಗಿತ್ತು. ಹೇಳಿದರೆ ಅಪ್ಪಣೆ ಕೈತಪ್ಪೀತು. ಹೇಳದಿದ್ದರೆ ಕಂಡದ್ದು ಸುಳ್ಳಾದೀತು.

ಕೊನೆಗೆ ಹೇಳಿಯೇಬಿಟ್ಟಳು. "ಕೋಪ ಮಾಡ್ಕೋಬೇಡಿ ಗುರುಗಳೇ. ಮಾತಾಡದವರ ಎದುರಿಗೆ ಕೂತ್ರೆ, ಕೈಯಲ್ಲಿ ಕಾಯಿ ಇದ್ರೂ ಬಾಯಿ ಬಿಡಲ್ಲ. ಪಕ್ಕದಲ್ಲಿ ಕೂತ್ರೆ, ಕಾಯಿ ಇಲ್ದಿದ್ರೂ ಹೆಚ್ಚಿನವರು ಮಾತಾಡ್ತಾರೆ. ಇಬ್ಬರು ಆಗಲೂ ಆಡಲಿಲ್ಲ. ಅದು ಯಾಕೋ ನಂಗೊತ್ತಿಲ್ಲ."

ಚನ್ನವೀರಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ತಮ್ಮ ಪೀಠದಿಂದೆದ್ದು ನೀಲಾಂಬೆಯ ಪಕ್ಕಕ್ಕೆ ಬಂದರು.

"ಸ್ವಲ್ಪ ಆ ಕಡೆ ಸರಿ ತಾಯಿ. ಯಾರ ಹತ್ರಾನೂ ಹೇಳದ್ದು ನಂದೂ ಒಂದಿದೆ."