ಒಂದೇ ಉಸಿರಿನ ಎಮ್ಮೆ

"ಭಾವ, ಈ ಕೆಲಸ ನನ್ನ ಕೈಗೆ ಬಿಡಿ. ನಾಳೆಯಿಂದ ನಿಮ್ಮ ಊಟ ಒಂದು ದಿನವೂ ಆರಿಹೋಗದ ಹಾಗೆ ಮಾಡ್ತೀನಿ!" ಎಂದು ಕೆಂಚರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸೊಂಡೇಪುರದ ದೊರೆ ಚೆಲುವರಾಯನಿಗೆ ನ್ಯಾಯವೆಂದರೆ ಪ್ರೀತಿ. ಬಿಸಿ ಹುಳಿಯನ್ನವೆಂದರೆ ಅದಕ್ಕಿಂತ ಒಂದು ತುತ್ತು ಹೆಚ್ಚು ಪ್ರೀತಿ. ದೂರು ತಂದವರು ಮುತ್ತಾತನ ಕಾಲದಿಂದ ಕತೆ ಶುರುಮಾಡಿ ಇವತ್ತಿಗೆ ಬಂದು ಮುಟ್ಟುವಷ್ಟರಲ್ಲಿ ಹುಳಿಯನ್ನ ತಣ್ಣಗಾಗಿರುತ್ತಿತ್ತು.

ಕೆಂಚರಸ ರಾಣಿಯ ತಮ್ಮ. ಅರಮನೆಯಲ್ಲಿ ಉಣ್ಣುವುದು, ಮಲಗುವುದು ಬಿಟ್ಟರೆ ಅವನಿಗೆ ಬೇರೆ ಹುದ್ದೆಯಿರಲಿಲ್ಲ. ಅವನ ಉಪಾಯ ಇದು: ದೂರು ಕೊಡುವವರಿರಲಿ, ಅದಕ್ಕೆ ಉತ್ತರ ಹೇಳುವವರಿರಲಿ, ಒಂದೇ ಒಂದು ಪದ ಆಡಬೇಕು. ಆಡಿದ ಕೂಡಲೇ ಜಾಗಟೆ. ಆಮೇಲೆ ತುಟಿ ಬಿಚ್ಚಿದವನು ಸೋತ ಹಾಗೆ.

ಮರುದಿನ ಮೊದಲು ಬಂದವಳು ಮೊಸರು ಮಾರುವ ಬೈರಕ್ಕ.

"ಎಮ್ಮೆ..." ಎಂದಳು.

ಢಣ್!

"ಎಮ್ಮೆ ಇದೆಯೋ? ಬಹಳ ಸಂತೋಷ," ಎಂದ ದೊರೆ. "ಮುಂದಿನವರು ಬನ್ನಿ."

ಆ ದಿನ ದೊರೆ ಹೊಗೆಯಾಡುವ ಹುಳಿಯನ್ನ ಉಂಡು ಕೆಂಚರಸನ ಬೆನ್ನು ತಟ್ಟಿದ.

ಇದನ್ನೆಲ್ಲ ಕಂಬಕ್ಕೊರಗಿ ನೋಡುತ್ತಿದ್ದವನು ಆಸ್ಥಾನದ ವಿನೋದಿ ಮಾಚಯ್ಯ. ನಗಿಸುವುದೇ ಅವನ ಕಸುಬು. ಆದರೆ ಬೈರಕ್ಕ ಕಣ್ಣೊರೆಸಿಕೊಂಡು ಹೊರಟದ್ದು ನೋಡಿ ಅವನು ಕಂಬ ಬಿಟ್ಟ. ಹಿಂದೆಯೇ ಓಡಿದ.

"ಏನಾಯ್ತಕ್ಕ?"

"ಇನ್ನೇನಾಗ್ಬೇಕು ಸಾಮಿ? ನನ್ನ ಮೊಸರು ಗಟ್ಟಿ ಅಂತ ಆ ಕೆಂಚರಸ ಎಮ್ಮೇನೇ ಎಳಕೊಂಡು ಹೋಗವ್ನೆ. ಇದ್ದದ್ದೇ ಅದೊಂದು. ಇನ್ನು ನಾನು ಏನ ಮಾರ್ಲಿ, ಏನ ತಿನ್ಲಿ? ಒಂದೇ ಪದದಾಗೆ ಇದನ್ನೆಲ್ಲ ಹೆಂಗೆ ಹೇಳ್ಲಿ?"

ಆಗ ಮಾಚಯ್ಯನಿಗೆ ಕೆಂಚರಸನ ಉಪಾಯದ ಒಳಮರ್ಮ ಹೊಳೆಯಿತು. ದೊರೆಯ ಹೊಟ್ಟೆಯ ನೆಪದಲ್ಲಿ ಊರಿನ ಬಾಯಿ ಹೊಲಿದಿದ್ದ. ಮಾಚಯ್ಯನ ಕಣ್ಣಲ್ಲಿ ತುಂಟತನ ಕುಣಿಯಿತು.

"ಅಕ್ಕ, ದಿನಾ ಬೆಳಗ್ಗೆ ಬೀದಿಯ ಆ ತುದಿಯಿಂದ ಈ ತುದಿಗೆ ಮೊಸರೋ ಮಜ್ಜಿಗೆಯೋ ಬೆಣ್ಣೆಯೋ ಅಂತ ಒಂದೇ ಉಸಿರಲ್ಲಿ ಕೂಗ್ತೀಯಲ್ಲ, ಆ ಉಸಿರು ಇನ್ನೂ ಇದೆಯೋ?"

"ಎಮ್ಮೆ ಹೋಯ್ತು, ಉಸಿರೆಲ್ಲಿಗೆ ಹೋದಾತು?"

"ಹಾಗಾದರೆ ಕೂತ್ಕೋ. ಪದ ಅಂದರೆ ಒಂದೇ ಗುಂಡುಕಲ್ಲಲ್ಲ. ಚೂರು ಚೂರು ಸೇರಿ ಆಗೋದು. ಪ್ರತಿ ಚೂರಿನಲ್ಲೂ ಒಂದಿಷ್ಟು ಅರ್ಥ ಇರುತ್ತೆ. ಎಮ್ಮೆಗೆ 'ಅನ್ನು' ಅಂಟಿಸು."

"ಎಮ್ಮೆಯನ್ನು."

"ಅದಕ್ಕೆ 'ಎಳೆದು'."

"ಎಮ್ಮೆಯನ್ನೆಳೆದು."

"ಅದಕ್ಕೆ 'ಒಯ್ದವನು'."

"ಎಮ್ಮೆಯನ್ನೆಳೆದೊಯ್ದವನು! ಅಯ್ಯಯ್ಯಪ್ಪ! ಒಂದರ ಬಾಲ ಹಿಡ್ಕೊಂಡು ಇನ್ನೊಂದು ಬತ್ತಾ ಅದಲ್ಲ!" ಬೈರಕ್ಕ ಅಳುವುದನ್ನೇ ಮರೆತಳು.

ಸಂಜೆಯವರೆಗೂ ಇಬ್ಬರೂ ಜಗುಲಿಯ ಮೇಲೆ ಕೂತು ಅಂಟಿಸಿದ್ದೇ ಅಂಟಿಸಿದ್ದು, ನಕ್ಕಿದ್ದೇ ನಕ್ಕಿದ್ದು.

"ಅವನ ಹೆಸರು ಮಾತ್ರ ಹೇಳಬೇಡ," ಎಂದ ಮಾಚಯ್ಯ.

"ಯಾಕೆ?"

"ಅದನ್ನು ಅವನೇ ಹೇಳಲಿ."

ಮರುದಿನ ಸಭೆ ಸೇರಿದ ಕೂಡಲೇ ಮಾಚಯ್ಯ ಕೈಮುಗಿದ. "ಪ್ರಭು, ದೂರಲ್ಲ, ಬರೀ ಒಂದು ಸಂದೇಹ. 'ಬಂದ' ಅನ್ನೋದು ಒಂದು ಪದವೇ?"

"ಹೌದು."

"'ಬಂದವನು'?"

"ಅದೂ ಒಂದೇ."

"'ಬಂದವನಿಗೆ'? 'ಬಂದವನಿಗಲ್ಲದೆ'? 'ಬಂದವನಿಗಲ್ಲದಿನ್ನಾರಿಗೆ'?"

ದೊರೆಗೆ ತಲೆ ಗಿರ್ರೆಂದಿತು. ಕೆಂಚರಸ ಸಿಡುಕಿದ. "ನಡುವೆ ಉಸಿರೆಳೆಯದೆ ಅಂಟಿಕೊಂಡು ಬಂದದ್ದೆಲ್ಲ ಒಂದೇ ಪದ! ಇಷ್ಟು ಸಾಕೋ?"

"ಧಾರಾಳ ಸಾಕು ಒಡೆಯ," ಎಂದು ಮಾಚಯ್ಯ ಬಾಗಿಲ ಕಡೆ ಕೈಬೀಸಿದ.

ಬೈರಕ್ಕ ಬಂದಳು. ಸೆರಗು ಬಿಗಿದಳು. ಎದೆ ತುಂಬ ಉಸಿರೆಳೆದು ಶುರುಮಾಡಿದಳು:

"ನನಗಿದ್ದೊಂದೆಮ್ಮೆಯನ್ನೆಳೆದೊಯ್ದವನರಮನೆಯಲ್ಲೆಮ್ಮೆಯಂತುಂಡುಂಡುರುಳಾಡುತ್ತಿದ್ದಾನಲ್ಲೊಡೆಯಾ!"

ಜಾಗಟೆಯವನು ಕೋಲೆತ್ತಿದವನು ಎತ್ತಿದಂತೆಯೇ ನಿಂತಿದ್ದ. ಅವಳು ಮುಗಿಸಿ ಬಾಯಿ ಮುಚ್ಚಿದ ಮೇಲೆ ಅವನಿಗೆ ಎಚ್ಚರವಾಯಿತು. ಢಣ್!

ದೊರೆ ಆ ಪದದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. "ಇದ್ದ ಒಂದು ಎಮ್ಮೆಯನ್ನು ಎಳೆದು ಒಯ್ದವನು... ಅರಮನೆಯಲ್ಲಿ... ಎಮ್ಮೆಯಂತೆ ಉಂಡು ಉಂಡು... ಉರುಳಾಡುತ್ತಿದ್ದಾನೆ! ಅಂಥವನು ಯಾರಪ್ಪಾ ಇಲ್ಲಿ?"

"ಸುಳ್ಳು!" ಎಂದು ಕೆಂಚರಸ ನೆಗೆದು ನಿಂತ.

ಢಣ್!

ಸಭೆಯೆಲ್ಲ ಅವನ ಕಡೆ ತಿರುಗಿತು.

"ಆಕೆ ಯಾರ ಹೆಸರನ್ನೂ ಎತ್ತಲಿಲ್ಲವಲ್ಲ ಒಡೆಯ," ಎಂದ ಮಾಚಯ್ಯ ಮೆಲ್ಲಗೆ. "ನಿಮಗೇಕೆ ಚುರುಕ್ಕೆಂದಿತು?"

ಕೆಂಚರಸ ಬಾಯಿ ತೆರೆದ. ಜಾಗಟೆಯವನು ಕೋಲೆತ್ತಿದ. ಕೆಂಚರಸ ಬಾಯಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಕೋಲೆದ್ದಿತು, ಮತ್ತೆ ಮುಚ್ಚಿದ. ಮುಖ ಕೆಂಪೇರಿತು, ಕೈಗಳು ಗಾಳಿಯಲ್ಲಿ ಏನೇನೋ ಹೇಳಿದವು. ಆಸ್ಥಾನದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ತಡೆಯಲಾರದೆ, "ಭಾವ, ಅದರ ಮೊಸರು ಅಷ್ಟು ರುಚಿಯಾಗಿತ್ತು!" ಎಂದುಬಿಟ್ಟ.

ಢಣ್! ಢಣ್! ಢಣ್!

ದೊರೆಯ ತೀರ್ಪೂ ಒಂದೇ ಪದವಾಯಿತು. "ಹಿಂತಿರುಗಿಸು!"

ಹಿತ್ತಿಲ ಕೊಟ್ಟಿಗೆಯಿಂದ ಎಮ್ಮೆ ಬಂತು. ಬೈರಕ್ಕ ಅದರ ಕೊರಳು ತಬ್ಬಿಕೊಂಡು ಅತ್ತಳು, ನಕ್ಕಳು. ಎಮ್ಮೆ ಅವಳ ಸೆರಗು ಮೆಲ್ಲತೊಡಗಿತು.

"ಮಾಚಯ್ಯ, ಇದು ನಿನ್ನದೇ ಕೈವಾಡ," ಎಂದ ದೊರೆ ನಗುತ್ತ. "ಏನು ಬಹುಮಾನ ಬೇಕು? ಒಂದೇ ಪದದಲ್ಲಿ ಕೇಳು."

ಮಾಚಯ್ಯ ಪಂಚೆ ಬಿಗಿದ. ಕಾಲು ಅಗಲಿಸಿ ನಿಂತ. ಕಣ್ಣು ಮುಚ್ಚಿ ಉಸಿರೆಳೆದ, ಇನ್ನೂ ಎಳೆದ, ಕೆನ್ನೆ ಉಬ್ಬುವವರೆಗೂ ಎಳೆದ.

ದೊರೆ ಸಿಂಹಾಸನದಿಂದ ಧಡಕ್ಕನೆ ಎದ್ದ. "ತಡಿ, ತಡಿ! ಬಾಯಿ ಬಿಡಬೇಡ ಮಾರಾಯ! ಈ ಸುಡುಗಾಡು ನಿಯಮ ಇವತ್ತಿಗೇ ರದ್ದು! ಎಲ್ಲರೂ ಮೊದಲಿನ ಹಾಗೇ ಮಾತಾಡಿ. ಬೇಕಿದ್ದರೆ ಊಟ ಮುಗಿಸಿ ಬಂದೇ ಕೇಳುತ್ತೇನೆ. ನಿನಗೂ ಬೇಕಾದದ್ದು ಕೊಡಿಸುತ್ತೇನೆ. ಅಷ್ಟುದ್ದ ಉಸಿರೆಳೆದೆಯಲ್ಲ, ಏನು ಕೇಳಬೇಕೆಂದಿದ್ದೆ?"

ಮಾಚಯ್ಯ ಎಳೆದ ಉಸಿರನ್ನೆಲ್ಲ ಬುಸ್ಸೆಂದು ಹೊರಬಿಟ್ಟ.

"ಊಟ, ಪ್ರಭು."