ಅರಿಸಿನ ಹಚ್ಚಿದ ಕಲ್ಲು

“ಗುರುಗಳೇ, ಜನರೇ ಕೂಡಿ ಆಳಿಕೊಳ್ಳುವ ಊರು ಕೆಡುವುದು ಹೇಗೆ? ಹೊರಗಿನವರು ಬಂದು ಕೆಡಿಸುತ್ತಾರೆಯೇ?” ಎಂದು ಶಿಷ್ಯ ಕೇಳಿದ. ಕೇಳುವ ಮೊದಲು ಎಂದಿನಂತೆ ಕಾಲಿಗೆ ಬಿದ್ದು ಎದ್ದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಕಟ್ಟೆಯ ಮೇಲೆ ಒಂದು ಒರಟು ಕಲ್ಲಿತ್ತು. ಊರಿನ ತೀರ್ಮಾನ ಒಪ್ಪದವನು ಯಾರೇ ಆಗಲಿ, ಹೋಗಿ ಅದರ ಮೇಲೆ ಕೂರಬಹುದು. ಅವನು ತಾನಾಗಿ ಏಳುವ ತನಕ ಊರು ಅವನ ಮಾತು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಎಬ್ಬಿಸುವಂತಿಲ್ಲ. ಹಿಂದಿನಿಂದ ಬಂದ ಕಟ್ಟಳೆ ಅದು.

ಆ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಮೀಸೆ ಮೂಡುವ ವಯಸ್ಸಿನಲ್ಲಿ, ಕೆರೆಯ ಮಣ್ಣನ್ನು ಯಾರೂ ತೆಗೆಯಕೂಡದೆಂದು ಊರು ತೀರ್ಮಾನಿಸಿತು. ಅವನು ಹೋಗಿ ಕಲ್ಲಿನ ಮೇಲೆ ಕೂತ. ತೊದಲಿದ, ಅತ್ತ, ಕೊನೆಗೂ ಹೇಳಬೇಕಾದ್ದನ್ನು ಹೇಳಿದ. ಊರು ಕೇಳಿತು, ಮಣ್ಣು ಬಿಟ್ಟುಕೊಟ್ಟಿತು. ಅಂದಿನಿಂದ ಮಡಕೆ ಮಾಡುವ ಅವನ ತಿಗರಿ ತಿರುಗುವುದು ನಿಂತಿರಲಿಲ್ಲ.

ಕಲ್ಲಿನಿಂದ ಕಿರಿಕಿರಿಯೂ ಇತ್ತು, ಸುಳ್ಳು ಹೇಳಬಾರದು. ನೆರೆಮನೆಯ ಹುಂಜ ಹೊತ್ತಿಗೆ ಮುಂಚೆ ಕೂಗುತ್ತದೆಂದು ಒಬ್ಬ ಮುದುಕ ಬೆಳಿಗ್ಗೆ ಕೂತವನು ಮಧ್ಯಾಹ್ನದವರೆಗೆ ಏಳಲಿಲ್ಲ. ಊರೆಲ್ಲ ಹಸಿದುಕೊಂಡು ಹುಂಜದ ಪುರಾಣ ಕೇಳಬೇಕಾಯಿತು. ಈ ಕಲ್ಲು ಯಾಕಾದರೂ ಇದೆಯೋ ಎಂದು ಜನ ಗೊಣಗಿದರು. ಕುಂಬಾರನೂ ಗೊಣಗಿದ.

ಊರು ಆಗಷ್ಟೇ ಆರಿಸಿಕೊಂಡಿದ್ದ ಹೊಸ ಯಜಮಾನ ಜಾಣ. ಕಲ್ಲನ್ನು ಕೀಳಿಸಿದ್ದರೆ ಜನ ಅವನನ್ನೇ ಕಿತ್ತುಹಾಕುತ್ತಿದ್ದರು. ಅವನು ಕಲ್ಲಿಗೆ ಕೈ ಮುಗಿದ. ಹಿರಿಯರ ಕಲ್ಲಿನ ಮೇಲೆ ಕಂಡಕಂಡವರು ಧೂಳುಗಾಲಲ್ಲಿ ಹತ್ತಿ ಕೂರುವುದೇ ಎಂದು ಮರುಗಿದ. ಕಲ್ಲನ್ನು ತೊಳೆಸಿ, ಅರಿಸಿನ ಹಚ್ಚಿಸಿ, ಸುತ್ತ ನಾಲ್ಕು ಕಂಬ ನಿಲ್ಲಿಸಿದ. ಜನರ ಕಣ್ಣು ತುಂಬಿ ಬಂತು. ಕುಂಬಾರನ ಮೇಲಂತೂ ಆ ಕಲ್ಲಿನ ಋಣವಿತ್ತು. ಕರೆಯುವ ಮೊದಲೇ ನೂರೆಂಟು ಹಣತೆ ಮಾಡಿ ತಂದ. ಮೊದಲನೆಯದನ್ನು ತನ್ನ ಕೈಯಾರೆ ಹಚ್ಚಿಟ್ಟ. ಅಷ್ಟು ಸಂತೋಷದ ದಿನ ಅವನ ಬಾಳಿನಲ್ಲಿ ಇನ್ನೊಂದಿರಲಿಲ್ಲ.

ಮೂರು ವರ್ಷ ಕಳೆಯಿತು. ಕೆರೆಯಂಗಳ ಇನ್ನು ಮೇಲೆ ಯಜಮಾನನ ಮನೆಗೆ ಸೇರಿದ್ದು, ಯಾರೂ ಮಣ್ಣು ಮುಟ್ಟಕೂಡದು ಎಂದು ಡಂಗುರ ಸಾರಿದರು. ಕುಂಬಾರ ನೇರವಾಗಿ ಕಟ್ಟೆಗೆ ಬಂದ. ಕಂಬಗಳ ನಡುವೆ ಕಾಲಿಟ್ಟನೋ ಇಲ್ಲವೋ, ಪಕ್ಕದ ಮನೆಯ ಗಾಣಿಗ ರಟ್ಟೆ ಹಿಡಿದು ಎಳೆದ.

“ಅಯ್ಯೋ ಪಾಪಿ, ದೇವರ ಮೇಲೆ ಕೂರ್ತೀಯೇನೋ?”

“ನಾನು ಇದರ ಮೇಲೆ ಕೂತಿದ್ದೆನಲ್ಲೋ. ನಿಮ್ಮಪ್ಪನೂ ಕೂತಿದ್ದ.”

ಗಾಣಿಗ ಗಲ್ಲ ಗಲ್ಲ ಬಡಿದುಕೊಂಡ. ಕೂಡಿದ್ದವರೆಲ್ಲ ಬಡಿದುಕೊಂಡರು. ಯಜಮಾನ ಮಾತ್ರ ಒಂದು ಗಡುಸು ಮಾತೂ ಆಡಲಿಲ್ಲ. “ಬಿಡ್ರಪ್ಪ, ಪಾಪ, ನೊಂದಿದ್ದಾನೆ” ಎಂದು ಜನರನ್ನು ಸಮಾಧಾನ ಮಾಡಿ ಕುಂಬಾರನ ಕಡೆ ತಿರುಗಿದ. “ನಿನ್ನ ಕಷ್ಟ ಏನಿದ್ದರೂ ಕಲ್ಲಿನ ಮುಂದೆ ನಿಂತು ಹೇಳಿಕೋ. ಅದು ಕೇಳುತ್ತೆ.”

ಕುಂಬಾರ ಕಲ್ಲಿನ ಮುಂದೆ ನಿಂತ. ಹಗಲಲ್ಲೂ ಅವನ ಹಣತೆಗಳು ಸಾಲಾಗಿ ಉರಿಯುತ್ತಿದ್ದವು. ಮಣ್ಣು ಹೋಯಿತಲ್ಲ ಎಂದು ಅವನಿಗೆ ಅಳು ಬಂತು. ಅಂದು ಮೊದಲ ದೀಪ ಹಚ್ಚಿದವನು ನಾನೇ ಅಲ್ಲವೇ ಎಂದು ನೆನಪಾದಾಗ ಅಳುವೂ ನಿಂತುಹೋಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಸಿಟ್ಟಿನಿಂದ ಕೆಂಪಾಗಿದ್ದ.

“ತಪ್ಪೆಲ್ಲ ಆ ಯಜಮಾನನದೇ, ಗುರುಗಳೇ. ಎಷ್ಟು ಚೆನ್ನಾಗಿ ತಿಳಿಸಿದಿರಿ! ನಿಮ್ಮ ಮಾತೇ ನನಗೆ ವೇದ” ಎಂದು ಮತ್ತೆ ಕಾಲಿಗೆ ಬಾಗಿದ.

ಗುರುಗಳು ಕಾಲು ಹಿಂದಕ್ಕೆಳೆದುಕೊಂಡು ಮೆಲ್ಲಗೆ ಹೇಳಿದರು:

“ಹನ್ನೆರಡು ವರ್ಷದಲ್ಲಿ ನೀನು ನನ್ನ ಒಂದು ಮಾತಿಗೂ ಅಲ್ಲವೆನ್ನಲಿಲ್ಲಪ್ಪ, ನಾನೂ ಇವತ್ತಿನ ತನಕ ಈ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.”